ರಬ್ಬರ್ ದೋಣಿಗೆ ಬ್ಯಾಟರಿ ಮೋಟಾರ್: ಹೋಗುವ ಲೆಕ್ಕ, ಬರುವ ಲೆಕ್ಕ

ಕಳೆದ ಏಪ್ರಿಲ್ ರಜೆಯಲ್ಲಿ ನಮ್ಮ ಮಾಮುವಿನ ರಬ್ಬರ್ ದೋಣಿ ಶರಾವತಿ ಹಿನ್ನೀರಿನ ನಡುವೆ ನಿಂತುಹೋಯಿತು. ದೋಣಿಯಲ್ಲಿದ್ದವರು ಮಾಮು, ಅವರ ಒಂಬತ್ತು ವರ್ಷದ ಮಗ ಮತ್ತು ನಾನು. ಆಚೆ ದಡದ ನೆಂಟರ ಮನೆಗೆ ಸುಮಾರು ಎರಡು ಕಿಲೋಮೀಟರ್. ಹೋಗುವಾಗ ಗಾಳಿ ಬೆನ್ನಿಗಿತ್ತು, ಅರ್ಧ ಗಂಟೆಯಲ್ಲಿ ಮುಟ್ಟಿದೆವು. ಊಟ ಮುಗಿಸಿ ಹೊರಡುವಾಗ ಅದೇ ಗಾಳಿ ಎದುರಿಗೆ ಬಂತು. ಮಾಮು ಮೋಟಾರನ್ನು ಪೂರ್ತಿ ಜೋರಿಗೆ ಇಟ್ಟರು. ಕಾಲು ಗಂಟೆಯಲ್ಲಿ ಅದರ ಸದ್ದು ಕುಗ್ಗುತ್ತಾ ಬಂದು ನಿಂತಿತು. ಜಾಗ ಸಾಲದೆಂದು ಹುಟ್ಟುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು. ಲೈಫ್ ಜಾಕೆಟ್ ಒಂದೂ ಇರಲಿಲ್ಲ.

ಗಾಳಿ ನಮ್ಮನ್ನು ತಳ್ಳಿಕೊಂಡು ಹೋಗಿ ಒಂದು ನಡುಗಡ್ಡೆಯ ಕೆಸರಿಗೆ ಹಚ್ಚಿತು. ಸಂಜೆ ಬಲೆ ಹಾಕಲು ಬಂದ ಮೀನುಗಾರರು ತಮ್ಮ ಮರದ ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಎಳೆದು ತಂದರು. ಮನೆ ಸೇರುವಾಗ ಮಗ್ರಿಬ್ ನಮಾಜು ಮುಗಿದು ಬಹಳ ಹೊತ್ತಾಗಿತ್ತು. ನಾನಿ ಜಾನಮಾಜಿನಿಂದ ಎದ್ದಿರಲೇ ಇಲ್ಲ.

ಅವತ್ತು ಹಾಕಿದ್ದು ಒಬ್ಬರಿಂದ ಎರವಲು ತಂದ 55 ಪೌಂಡಿನ ಮೋಟಾರ್. ಬ್ಯಾಟರಿ ಮಾಮುವಿನ ಗಾಡಿಯದು. ಮೋಟಾರ್ ಚೆನ್ನಾಗಿಯೇ ಇತ್ತು. ತಪ್ಪಿದ್ದು ನಮ್ಮ ಲೆಕ್ಕ. ಹೊಸ ಮೋಟಾರ್ ಕೊಳ್ಳುವ ಮೊದಲು ಆ ಲೆಕ್ಕವನ್ನು ಸರಿಯಾಗಿ ಮಾಡು ಎಂದು ಮಾಮು ನನಗೇ ವಹಿಸಿದರು. ಮೋಟಾರುಗಳ ಕೈಪಿಡಿಗಳು ಇಂಗ್ಲಿಷಿನಲ್ಲಿ, ನಮ್ಮ ಮನೆಮಾತು ಉರ್ದು, ವಿಚಾರಿಸಬೇಕಾದ ಅಂಗಡಿಯವರ ಮಾತು ಕನ್ನಡ. ಮೂರೂ ಕಡೆ ಓಡಾಡಿ ಬರೆದಿಟ್ಟುಕೊಂಡಿದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಹೊಳೆಬದಿಯ ಊರುಗಳಿಂದ ಬರುವವರು ಅನೇಕರಿದ್ದಾರೆ, ಅವರಿಗೆ ಉಪಯೋಗವಾದೀತು.

ಇದು ಎಂಥ ಮೋಟಾರ್?

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸಿ, ಬೇಡವಾದಾಗ ಬಿಚ್ಚಿಡಬಹುದಾದ ಮೋಟಾರಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಪೆಟ್ರೋಲಿನದು ಬಂದ ಮೇಲೆ ಬ್ಯಾಟರಿಯದು ಬಂತು ಎಂದು ನಾನು ತಿಳಿದಿದ್ದೆ. ಅದು ತಪ್ಪು. ಫ್ರಾನ್ಸಿನ ಗುಸ್ತಾವ್ ತ್ರೂವೆ ಎಂಬವರು 1881ರಲ್ಲೇ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಬ್ಯಾಟರಿ ಮೋಟಾರನ್ನು ದೋಣಿಯ ಹಿಂದೆ ಸಿಕ್ಕಿಸಿ ಓಡಿಸಿದ್ದರು.

ಸಣ್ಣ ದೋಣಿಗೆ ಸಿಗುವ ಮೋಟಾರುಗಳಲ್ಲಿ ಹೆಚ್ಚಿನವು 12 ವೋಲ್ಟಿನವು. ಮೇಲೆ ಹಿಡಿ, ನಡುವೆ ಉದ್ದನೆಯ ಕೊಳವೆ, ಕೆಳಗೆ ನೀರಿನೊಳಗೆ ಮೋಟಾರ್ ಮತ್ತು ರೆಕ್ಕೆ. ಇವನ್ನು ಅಶ್ವಶಕ್ತಿಯಲ್ಲಿ ಅಳೆಯುವುದಿಲ್ಲ, ಥ್ರಸ್ಟ್ ಅಂದರೆ ನೂಕುಬಲದಲ್ಲಿ ಅಳೆಯುತ್ತಾರೆ. ಡಬ್ಬದ ಮೇಲೆ 30, 40, 55 ಪೌಂಡ್ ಎಂದು ಬರೆದಿರುವುದು ಅದನ್ನೇ. 40 ಪೌಂಡ್ ಎಂದರೆ ಸುಮಾರು 18 ಕೆಜಿ ತೂಕವನ್ನು ಹಿಡಿದೆಳೆಯುವಷ್ಟು ಬಲ. ಅಂಥ ಮೋಟಾರ್ ಪೂರ್ತಿ ಜೋರಿನಲ್ಲಿ ಸುಮಾರು 40 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನಿಂದ ಗುಣಿಸಿದರೆ 480 ವ್ಯಾಟ್, ಅಂದರೆ ಮುಕ್ಕಾಲು ಅಶ್ವಶಕ್ತಿಗಿಂತಲೂ ಕಡಿಮೆ. ಇದರಿಂದ ಸ್ಕೂಟರಿನ ವೇಗ ಬಯಸಬಾರದು. ಗಂಟೆಗೆ ನಾಲ್ಕೈದು ಕಿಲೋಮೀಟರ್, ಅಂದರೆ ಮನುಷ್ಯ ಬಿರುಸಾಗಿ ನಡೆಯುವ ವೇಗ.

ಮೊದಲು ತೂಕ, ಆಮೇಲೆ ಮೋಟಾರ್

ಅಂಗಡಿಗೆ ಹೋಗುವ ಮೊದಲು ದೋಣಿಯಲ್ಲಿ ಇರುವ ಎಲ್ಲದರ ತೂಕ ಬರೆಯಿರಿ. ನಮ್ಮದು ಹೀಗಿತ್ತು: ಹಲಗೆ ಸಮೇತ ದೋಣಿ 30 ಕೆಜಿ, ಇಬ್ಬರು ದೊಡ್ಡವರು 140, ಹುಡುಗ 25, ಮೋಟಾರ್ 9, ಬ್ಯಾಟರಿ 12, ಹುಟ್ಟು, ಜಾಕೆಟ್ ಮತ್ತು ಚೀಲ 19. ಒಟ್ಟು 235 ಕೆಜಿ, ಅಂದರೆ ಸುಮಾರು 518 ಪೌಂಡ್. ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ನೂಕುಬಲ ಬೇಕು ಎಂಬುದು ರೂಢಿಯ ಸೂತ್ರ. ಅದರಂತೆ ನಮಗೆ ಬೇಕಾದದ್ದು ಹತ್ತೂವರೆ ಪೌಂಡ್ ಮಾತ್ರ!

ಆದರೆ ಆ ಸೂತ್ರ ಗಾಳಿಯಿಲ್ಲದ ನಿಂತ ನೀರಿಗೆ. ರಬ್ಬರ್ ದೋಣಿ ಹಗುರ, ನೀರಿನ ಮೇಲೆ ಉಬ್ಬಿ ಕೂರುತ್ತದೆ, ಗಾಳಿ ಅದನ್ನು ಚೆಂಡಿನಂತೆ ತಳ್ಳುತ್ತದೆ. ಹಾಗಾಗಿ ಸೂತ್ರದ ಮೂರ್ನಾಲ್ಕು ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ದೋಣಿಗೆ ಅದು 30ರಿಂದ 40 ಪೌಂಡ್. ದೋಣಿಯ ಮೇಲೆ ಅಂಟಿಸಿರುವ ಫಲಕವನ್ನೂ ಓದಬೇಕು. ಎಷ್ಟು ಜನ, ಎಷ್ಟು ಭಾರ, ಎಷ್ಟು ದೊಡ್ಡ ಮೋಟಾರ್ ಎಂಬುದು ಅಲ್ಲಿ ಇರುತ್ತದೆ. ಅದನ್ನು ಮೀರಬಾರದು.

ಇನ್ನೂ ದೊಡ್ಡದು ಕೊಂಡರೆ ಬೇಗ ಮುಟ್ಟುವುದಿಲ್ಲವೇ ಎಂದು ಮಾಮು ಕೇಳಿದರು. ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟು ಬೇಕೆಂದರೆ ನೂಕುಬಲ ನಾಲ್ಕು ಪಟ್ಟು ಬೇಕು, ಬ್ಯಾಟರಿಯಿಂದ ಎಳೆಯುವ ಶಕ್ತಿ ಸುಮಾರು ಎಂಟು ಪಟ್ಟು. 30 ಪೌಂಡಿನ ಬದಲು 55 ಪೌಂಡಿನದು ಹಾಕಿದರೆ ವೇಗ ಮೂರನೇ ಒಂದು ಭಾಗದಷ್ಟು ಹೆಚ್ಚಿದರೆ ಅದೇ ಹೆಚ್ಚು. ಬ್ಯಾಟರಿ ಮಾತ್ರ 30ರ ಬದಲು 50 ಆಂಪಿಯರಿನಂತೆ ಖಾಲಿಯಾಗುತ್ತದೆ. ಇದೇ ನಿಯಮವನ್ನು ತಿರುಗಿಸಿ ನೋಡಿದರೆ ಲಾಭವೂ ಇದೆ. ಸ್ವಲ್ಪ ನಿಧಾನವಾಗಿ ಹೋದರೆ ಬಹಳ ದೂರ ಹೋಗಬಹುದು.

ಹಿಡಿಯಲ್ಲಿ ಎರಡು ಬಗೆ. ಐದು ಮೆಟ್ಟಿಲಿನ ಹಳೆಯ ಬಗೆಯದು ನಿಧಾನದ ಮೆಟ್ಟಿಲಿನಲ್ಲಿ ಸ್ವಲ್ಪ ಶಕ್ತಿಯನ್ನು ತಂತಿಸುರುಳಿಯಲ್ಲಿ ಬಿಸಿಯಾಗಿ ಕಳೆಯುತ್ತದೆ. ಮೆಟ್ಟಿಲಿಲ್ಲದೆ ತಿರುಗಿಸುವ ಎಲೆಕ್ಟ್ರಾನಿಕ್ ಹಿಡಿಯಲ್ಲಿ ಆ ನಷ್ಟ ಬಹಳ ಕಡಿಮೆ. ಬೆಲೆ ಹೆಚ್ಚಾದರೂ ದೂರ ಹೋಗುವವರಿಗೆ ಎರಡನೆಯದೇ ಸರಿ.

ಬ್ಯಾಟರಿಯೇ ಮುಖ್ಯ

ಗಾಡಿಯ ಬ್ಯಾಟರಿ ಇರುವುದು ಇಂಜಿನ್ ಶುರು ಮಾಡಲು. ಕೆಲವೇ ಕ್ಷಣ ಭಾರಿ ಕರೆಂಟು ಕೊಟ್ಟು, ಆಮೇಲೆ ಓಡುವ ಇಂಜಿನಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ಪೂರ್ತಿ ಖಾಲಿ ಮಾಡುತ್ತಾ ಹೋದರೆ ಕೆಲವು ಸಲಕ್ಕೇ ಕೆಡುತ್ತದೆ. ನಮ್ಮದು 35 ಆಂಪಿಯರ್-ಅವರಿನದು. 50 ಆಂಪಿಯರ್ ಎಳೆದರೆ ಕಾಗದದ ಮೇಲೆ 42 ನಿಮಿಷ. ಸೀಸದ ಬ್ಯಾಟರಿಯನ್ನು ಜೋರಾಗಿ ಎಳೆದಷ್ಟೂ ಅದು ಕೊಡುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. ಹೋಗುವಾಗ ಖರ್ಚಾಗಿದ್ದೂ ಸೇರಿದರೆ ನಾವು ನಡುನೀರಿನಲ್ಲಿ ನಿಂತದ್ದು ಆಶ್ಚರ್ಯವಲ್ಲ.

ಮನೆಯ ಇನ್ವರ್ಟರ್ ಬ್ಯಾಟರಿ ಇದೆಯಲ್ಲ ಎಂದು ನೀವು ಕೇಳಬಹುದು. ಮಲೆನಾಡಿನಲ್ಲಿ ಅದಿಲ್ಲದ ಮನೆ ಕಡಿಮೆ. ಅದು ಆಳವಾಗಿ ಖಾಲಿಯಾಗುವುದನ್ನು ತಡೆಯುತ್ತದೆ, ನಿಜ. ಆದರೆ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ 50 ಕೆಜಿ ದಾಟುತ್ತದೆ, ಒಳಗೆ ಆಸಿಡ್ ನೀರು ಇರುತ್ತದೆ. ಅಲುಗಾಡುವ ರಬ್ಬರ್ ದೋಣಿಯಲ್ಲಿ ಅದು ಮಗುಚಿದರೆ ಕಾಲಿಗೂ ಕೇಡು, ದೋಣಿಗೂ ಕೇಡು.

ಉಳಿದದ್ದು ಎರಡು ಆಯ್ಕೆ. ಒಂದು, ಮುಚ್ಚಿದ ಸೀಸದ ಡೀಪ್ ಸೈಕಲ್ ಬ್ಯಾಟರಿ. 100 ಆಂಪಿಯರ್-ಅವರಿನದು 28 ಕೆಜಿ ಆಸುಪಾಸು. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಎರಡು, ಲಿಥಿಯಂ ಐರನ್ ಫಾಸ್ಫೇಟ್. ಅದೇ 100 ಆಂಪಿಯರ್-ಅವರಿಗೆ 12 ಕೆಜಿ ಆಸುಪಾಸು, ಅದರಲ್ಲಿ 80ನ್ನು ನಿಶ್ಚಿಂತೆಯಿಂದ ಬಳಸಬಹುದು.

ಲಿಥಿಯಂನಲ್ಲಿ ಒಂದು ಅಪಾಯವಿದೆ, ಇದನ್ನು ಎಲ್ಲರೂ ತಿಳಿದಿರಬೇಕು. ಸೀಸದ ಬ್ಯಾಟರಿ ಮುಗಿಯುವ ಮುನ್ನ ಮೋಟಾರ್ ನಿಧಾನವಾಗಿ ಎಚ್ಚರಿಕೆ ಕೊಡುತ್ತದೆ. ಲಿಥಿಯಂ ಕೊನೆಯವರೆಗೂ ಒಂದೇ ಜೋರಿನಲ್ಲಿ ಓಡಿಸಿ, ಒಳಗಿನ ರಕ್ಷಣಾ ಸರ್ಕಿಟ್ ಒಮ್ಮೆಲೇ ಕರೆಂಟು ಕಡಿದುಬಿಡುತ್ತದೆ. ಅದರ ವೋಲ್ಟೇಜ್ ಬಹುಪಾಲು ಹೊತ್ತು 13ರ ಆಸುಪಾಸಿನಲ್ಲೇ ಇರುವುದರಿಂದ ವೋಲ್ಟ್ ಮೀಟರ್ ನೋಡಿ ಉಳಿಕೆ ತಿಳಿಯುವುದಿಲ್ಲ. ಎಷ್ಟು ಆಂಪಿಯರ್-ಅವರ್ ಹೊರಹೋಯಿತು ಎಂದು ಎಣಿಸುವ ಮೀಟರ್ ಹಾಕಲೇಬೇಕು. ಆ ರಕ್ಷಣಾ ಸರ್ಕಿಟ್ ಮೋಟಾರಿನ ಪೂರ್ತಿ ಕರೆಂಟನ್ನು ತಡೆದುಕೊಳ್ಳುತ್ತದೆಯೇ ಎಂದೂ ಕೊಳ್ಳುವಾಗಲೇ ಕೇಳಬೇಕು.

ಹೋಗಿಬರುವ ಲೆಕ್ಕ

ಮೋಟಾರ್ ಮಾರುವವರು ಒಂದು ಚಾರ್ಜಿಗೆ ಎಷ್ಟು ದೂರ ಎಂದು ಹೇಳುತ್ತಾರೆ. ನಾವು ಕೇಳಬೇಕಾದ್ದು ಎದುರು ಗಾಳಿಯಲ್ಲಿ ವಾಪಸು ಬರಲು ಎಷ್ಟು ಬೇಕು ಎಂದು.

ನಮ್ಮ ದಾರಿ ಹೋಗಲು 2 ಕಿಲೋಮೀಟರ್, ಬರಲು 2. ಹೋಗುವಾಗ ಮಧ್ಯಮ ವೇಗ, 14 ಆಂಪಿಯರ್, ಸುಮಾರು 35 ನಿಮಿಷ. ಖರ್ಚು 8 ಆಂಪಿಯರ್-ಅವರ್. ಬರುವಾಗ ಎದುರು ಗಾಳಿ ಇದ್ದರೆ ಗಂಟೆಗೆ 2 ಕಿಲೋಮೀಟರ್ ಮಾತ್ರ ಸಾಗುತ್ತೇವೆ ಎಂದು ಹಿಡಿಯಿರಿ, ಹಿಡಿ ಜೋರು ಮಾಡಿ 25 ಆಂಪಿಯರ್. ಒಂದು ಗಂಟೆಗೆ 25 ಆಂಪಿಯರ್-ಅವರ್. ಒಟ್ಟು 33. ಬರುವ ಖರ್ಚು ಹೋಗುವುದರ ಮೂರು ಪಟ್ಟು ಎಂಬುದನ್ನು ಗಮನಿಸಿ. ಇದರ ಮೇಲೆ ಅರ್ಧದಷ್ಟು ಆಪತ್ತಿಗೆಂದು ಸೇರಿಸಿದರೆ ಸುಮಾರು 50.

ಬಳಸಬಹುದಾದ 50 ಬೇಕೆಂದರೆ 100ರ ಸೀಸದ ಬ್ಯಾಟರಿ ಕಷ್ಟದಿಂದ ಸಾಕಾಗುತ್ತದೆ, ಹಳತಾದಂತೆ ಸಾಲದಾಗುತ್ತದೆ. 100ರ ಲಿಥಿಯಂನಲ್ಲಿ 30 ಇನ್ನೂ ಉಳಿಯುತ್ತದೆ.

ಸವಕಳಿಯ ಪಾಠ

ಬ್ಯಾಟರಿಯ ಬೆಲೆಗೆ ಬಂದಾಗ ನಮ್ಮ ಲೆಕ್ಕಶಾಸ್ತ್ರದ ಪಾಠ ನೆನಪಾಯಿತು. ಲೆಕ್ಕ ಸುಲಭವಾಗಲೆಂದು ಸೀಸದ್ದಕ್ಕೆ 12,000 ರೂಪಾಯಿ, ಲಿಥಿಯಂಗೆ 30,000 ಎಂದು ಇಟ್ಟುಕೊಳ್ಳೋಣ. ಸೀಸದ್ದು 400 ಸಲ, ಲಿಥಿಯಂ 2,000 ಸಲ ಚಾರ್ಜ್ ತಾಳುತ್ತದೆ ಎಂದರೆ ಸಲಕ್ಕೆ 30 ರೂಪಾಯಿ ಮತ್ತು 15 ರೂಪಾಯಿ. ಲಿಥಿಯಂ ಅರ್ಧಕ್ಕೆ ಅರ್ಧ ಅಗ್ಗ ಎಂದು ಮಾಮುವಿಗೆ ಹೇಳಿಯೂ ಬಿಟ್ಟೆ.

ಆಮೇಲೆ ತಪ್ಪು ಗೊತ್ತಾಯಿತು. ಮಾಮು ವರ್ಷಕ್ಕೆ ಹೆಚ್ಚೆಂದರೆ 40 ಸಲ ದೋಣಿ ಇಳಿಸುತ್ತಾರೆ. 2,000 ಸಲ ಮುಗಿಸಲು 50 ವರ್ಷ ಬೇಕು! ಬ್ಯಾಟರಿ ಬಳಸಿದರೂ ಸವೆಯುತ್ತದೆ, ಸುಮ್ಮನಿದ್ದರೂ ಸವೆಯುತ್ತದೆ. ಸೀಸದ್ದಕ್ಕೆ 5 ವರ್ಷ, ಲಿಥಿಯಂಗೆ 10 ವರ್ಷ ಆಯುಷ್ಯ ಹಿಡಿದರೆ 200 ಸಲ ಮತ್ತು 400 ಸಲ ಆಗುತ್ತದೆ. ಸಲಕ್ಕೆ 60 ರೂಪಾಯಿ ಮತ್ತು 75 ರೂಪಾಯಿ. ಈಗ ಸೀಸವೇ ಅಗ್ಗ. ಬಳಕೆಯ ಮೇಲೆ ಸವಕಳಿ ಹಾಕಬೇಕೋ ಕಾಲದ ಮೇಲೋ ಎಂಬ ಪ್ರಶ್ನೆ ಪರೀಕ್ಷೆಗೆ ಮಾತ್ರ ಬರುವಂಥದ್ದಲ್ಲ ಎಂದು ನನಗೆ ತಿಳಿದದ್ದು ಅವತ್ತು. ದಿನಾ ದಾಟುವವರಿಗೆ ಲಿಥಿಯಂ ಅಗ್ಗ. ವಾರಕ್ಕೊಮ್ಮೆಯೂ ಹೋಗದವರಿಗೆ ಅದು ಅಗ್ಗವಲ್ಲ, ಹಗುರ ಮತ್ತು ಸುರಕ್ಷಿತ ಅಷ್ಟೇ. ಚಾರ್ಜಿನ ಖರ್ಚು ಎರಡಕ್ಕೂ ಅಲ್ಪ. ಖಾಲಿ ಬ್ಯಾಟರಿ ಪೂರ್ತಿ ತುಂಬಲು ನಷ್ಟ ಸೇರಿ ಒಂದೂವರೆ ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಎಂದರೂ ಹತ್ತೂವರೆ ರೂಪಾಯಿ.

ಮೂರು ತಾಲ್ಲೂಕು, ಮೂರು ಬಗೆಯ ನೀರು

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊಸನಗರ ದಾಟಿ ಸಾಗರಕ್ಕೆ ಬರುತ್ತದೆ. ಆದರೆ ಮೂರು ತಾಲ್ಲೂಕಿನಲ್ಲಿ ದೋಣಿ ಇಳಿಸುವ ನೀರು ಒಂದೇ ತರಹ ಇಲ್ಲ.

ಸಾಗರದ ಕಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ನಿಂತ ಅಗಲವಾದ ಹಿನ್ನೀರು. ಇಲ್ಲಿ ಶತ್ರು ಗಾಳಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗುವವರೆಗೆ ಸಿಗಂದೂರಿಗೆ, ತುಮರಿಗೆ ಹೋಗುವವರು ಲಾಂಚಿನಲ್ಲಿ ದಾಟುತ್ತಿದ್ದರು. ಬಸ್ಸನ್ನೇ ಹೊತ್ತು ಹೋಗುವ ಲಾಂಚಿನಲ್ಲಿ ನಿಂತು ಬೆಳೆದ ನಮಗೆ ಗಾಳಿ ಲೆಕ್ಕಕ್ಕೇ ಬಂದಿರಲಿಲ್ಲ. ರಬ್ಬರ್ ದೋಣಿಗೆ ಅದೇ ಮೊದಲ ಲೆಕ್ಕ. ಬೆಳಿಗ್ಗೆ ಹೋಗಿ ಗಾಳಿ ಏಳುವ ಮೊದಲೇ ಬರಬೇಕು. ದಡಕ್ಕೆ ಹತ್ತಿರವಾಗಿಯೇ ಸಾಗಬೇಕು.

ಹೊಸನಗರದ ಕಡೆ ಹಿನ್ನೀರಿನ ತಲೆಭಾಗ. ಬೇಸಿಗೆಯಲ್ಲಿ ನೀರು ಇಳಿದಂತೆ ಮುಳುಗಿದ ಮರಗಳ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ನೀರು ತುಂಬ ಇಳಿದ ವರ್ಷಗಳಲ್ಲಿ ಸಾಗರದ ಕಡೆ ಮಡೇನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಕಾಣಿಸಿಕೊಳ್ಳುತ್ತದೆ, ಇನ್ನು ಬೊಡ್ಡೆಗಳ ಮಾತೇನು? ನೀರಿನ ಅಡಿಯಲ್ಲಿ ಒಂದು ಗೇಣು ಕೆಳಗಿರುವ ಬೊಡ್ಡೆ ರಬ್ಬರನ್ನು ಹರಿಯಬಲ್ಲದು, ರೆಕ್ಕೆಯನ್ನು ಮುರಿಯಬಲ್ಲದು. ಇಲ್ಲಿ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಕೊಳವೆಯನ್ನು ಥಟ್ಟನೆ ಎತ್ತಲು, ಎತ್ತರ ಬದಲಿಸಲು ಸುಲಭವಾದ ಮೋಟಾರ್.

ತೀರ್ಥಹಳ್ಳಿಯಲ್ಲಿ ತುಂಗೆ ಹರಿಯುವ ಹೊಳೆ. ದೋಣಿಯ ವೇಗ ಗಂಟೆಗೆ 4 ಕಿಲೋಮೀಟರ್, ಸೆಳವು 3 ಎಂದರೆ ಮೇಲ್ಮುಖವಾಗಿ ಸಾಗುವುದು 1 ಮಾತ್ರ. ಎರಡು ಕಿಲೋಮೀಟರಿಗೆ ಎರಡು ಗಂಟೆ! ಬಂಡೆಗಳೂ ಬೇಕಾದಷ್ಟು. ಬೇಸಿಗೆಯ ನಿಂತ ಮಡುಗಳನ್ನು ಬಿಟ್ಟರೆ ಅಲ್ಲಿ ಈ ಸಣ್ಣ ಮೋಟಾರನ್ನು ನಂಬಬಾರದು. ಹೋಗುವುದಿದ್ದರೂ ಮೊದಲು ಮೇಲ್ಮುಖವಾಗಿ ಹೋಗಿ, ಬರುವಾಗ ಸೆಳವಿನ ಜೊತೆ ಬರಬೇಕು. ಮಳೆಗಾಲದಲ್ಲಿ ಮೂರೂ ಕಡೆ ಇಳಿಯಲೇಬಾರದು.

ಕೊಳ್ಳುವಾಗ ನೋಡಬೇಕಾದ ಸಣ್ಣ ವಿಷಯಗಳು

ಕೊಳವೆಯ ಉದ್ದ: ರಬ್ಬರ್ ದೋಣಿಯ ಹಿಂಬದಿ ಹಲಗೆ ತಗ್ಗು, 30 ಇಂಚಿನ ಕೊಳವೆ ಸಾಕು. ಓಡುವಾಗ ರೆಕ್ಕೆಯ ಮೇಲ್ತುದಿ ನೀರಿನಿಂದ ಒಂದು ಗೇಣಾದರೂ ಕೆಳಗಿರಬೇಕು, ಇಲ್ಲವಾದರೆ ಗಾಳಿ ಎಳೆದು ಸುಮ್ಮನೆ ತಿರುಗುತ್ತದೆ.

ಫ್ಯೂಸ್: ಬ್ಯಾಟರಿಯ ಹತ್ತಿರವೇ ಕೈಪಿಡಿ ಹೇಳುವ ಆಂಪಿಯರಿನ ಫ್ಯೂಸ್ ಅಥವಾ ಬ್ರೇಕರ್ ಹಾಕಬೇಕು. ರೆಕ್ಕೆಗೆ ಬಲೆ ಸಿಕ್ಕಿ ಮೋಟಾರ್ ಸಿಲುಕಿದರೆ ತಂತಿ ಕಾದು ಬೆಂಕಿ ಹತ್ತಬಹುದು.

ಪಿನ್ನು: ರೆಕ್ಕೆ ಕಲ್ಲಿಗೆ ತಾಗಿದರೆ ಮೋಟಾರ್ ಉಳಿಯಲಿ ಎಂದು ಮುರಿಯುವ ಸಣ್ಣ ಪಿನ್ನು ಒಳಗಿರುತ್ತದೆ. ಬಿಡಿ ಪಿನ್ನು ಮತ್ತು ಪಾನಾ ಜೊತೆಗಿರಲಿ.

ಬ್ಯಾಟರಿ ಪೆಟ್ಟಿಗೆ: ನೀರು ತಾಗದ ಪೆಟ್ಟಿಗೆಯಲ್ಲಿಟ್ಟು ಅಲುಗಾಡದಂತೆ ಕಟ್ಟಬೇಕು. ಚಾಲಕ ಹಿಂದೆ ಕೂರುವುದರಿಂದ ಬ್ಯಾಟರಿಯನ್ನು ಮುಂದಕ್ಕೆ ಇಟ್ಟರೆ ದೋಣಿ ಸಮ ನಿಲ್ಲುತ್ತದೆ. ಅಷ್ಟು ಉದ್ದಕ್ಕೆ ದಪ್ಪ ತಂತಿ ಬೇಕು.

ಕೇಳಿ ಇಳಿಯಬೇಕು

ಅವತ್ತು ನಾವು ಯಾರನ್ನೂ ಕೇಳದೆ ನೀರಿಗೆ ಇಳಿದಿದ್ದೆವು, ಅದೂ ತಪ್ಪು. ಹುಟ್ಟು ಹಾಕುವ ದೋಣಿಗೆ ಮೋಟಾರ್ ಸಿಕ್ಕಿಸಿದರೆ ಅದು ಯಂತ್ರಚಾಲಿತ ದೋಣಿ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರಚಾಲಿತ ದೋಣಿಗಳ ತಪಾಸಣೆ ಮತ್ತು ನೋಂದಣಿಯ ಬಗ್ಗೆ ಹೇಳುತ್ತದೆ. ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ಸುತ್ತಲ ಕಾಡಿನ ಬಹುಭಾಗ ಶರಾವತಿ ಅಭಯಾರಣ್ಯ. ಆದ್ದರಿಂದ ಒಳನಾಡು ಜಲಸಾರಿಗೆ, ನಿಗಮ, ಅರಣ್ಯ ಈ ಮೂರು ಕಡೆಯೂ ಮೊದಲು ಲಿಖಿತವಾಗಿ ವಿಚಾರಿಸಬೇಕು. ಮೋಟಾರ್ ಕೊಂಡ ಮೇಲಲ್ಲ, ಕೊಳ್ಳುವ ಮೊದಲೇ ವಿಚಾರಿಸಿದರೆ ಹಣ ಉಳಿಯಬಹುದು.

ಕೊನೆಗೆ ನಾವು ಕೊಂಡದ್ದು

ಮೊದಲ ಬಿಲ್ಲು ಮೂರು ಲೈಫ್ ಜಾಕೆಟ್ಟಿನದು, ಅದರಲ್ಲಿ ಒಂದು ಮಗುವಿನ ಅಳತೆಯದು. ದೊಡ್ಡವರ ಜಾಕೆಟ್ ಮಗುವಿನ ತಲೆಯ ಮೇಲೆ ಜಾರಿಹೋಗುತ್ತದೆ. ಆಮೇಲೆ ದೋಣಿಗೆ ಕಟ್ಟಿಯೇ ಇಡುವ ಎರಡು ಹುಟ್ಟು. ಆಮೇಲೆ ಎಲೆಕ್ಟ್ರಾನಿಕ್ ಹಿಡಿಯ 40 ಪೌಂಡಿನ ಮೋಟಾರ್, 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ, ಎಣಿಸುವ ಮೀಟರ್.

ಪರಿಚಿತರೊಬ್ಬರ ತೋಟದ ಕೆರೆಯಲ್ಲಿ ಪರೀಕ್ಷೆ ಮಾಡಿದೆವು. ದಡದ ಮರಕ್ಕೆ ಹಗ್ಗ ಕಟ್ಟಿ, ನಡುವೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಮೋಟಾರನ್ನು ಪೂರ್ತಿ ಜೋರಿಗೆ ಇಟ್ಟಾಗ ತಕ್ಕಡಿ 16 ಕೆಜಿ ತೋರಿಸಿತು, ಮೀಟರ್ 38 ಆಂಪಿಯರ್. ಡಬ್ಬದ ಮೇಲಿನ ಮಾತಿಗೆ ಎರಡು ಕೆಜಿ ಕಡಿಮೆ. ನೀವು ಕೊಂಡರೂ ಹೀಗೆ ಅಳೆದು ನೋಡಿ, ನಿಮ್ಮ ಲೆಕ್ಕದಲ್ಲಿ ನೀವು ಅಳೆದ ಅಂಕಿಯನ್ನೇ ಬರೆಯಿರಿ.

ಅರ್ಜಿಗಳಿಗೆ ಉತ್ತರ ಬರುವವರೆಗೆ ದೋಣಿ ಮಡಚಿ ಅಟ್ಟದ ಮೇಲಿದೆ. ನಾನಿಗೆ ಲೆಕ್ಕದ ಪುಸ್ತಕ ತೋರಿಸಿ ಎಲ್ಲವನ್ನೂ ಉರ್ದುವಿನಲ್ಲಿ ವಿವರಿಸಿದೆ. ಆಂಪಿಯರ್, ಪೌಂಡ್ ಯಾವುದನ್ನೂ ಅವರು ಕೇಳಲಿಲ್ಲ. ಗಾಳಿ ಎದ್ದರೆ ಏನು ಮಾಡುತ್ತೀರಿ ಎಂದು ಮಾತ್ರ ಕೇಳಿದರು. ಅರ್ಧ ದಾರಿ ಆಗಿರಲಿ, ಮುಕ್ಕಾಲು ಆಗಿರಲಿ, ಮೀಟರ್ ಮೂರನೇ ಒಂದು ಭಾಗ ಖರ್ಚಾಯಿತು ಎಂದು ತೋರಿಸಿದ ಕೂಡಲೇ ತಿರುಗಿ ಬರುತ್ತೇವೆ, ಗಾಳಿ ಆಗಲೇ ಜೋರಾಗಿದ್ದರೆ ಆಚೆ ದಡದಲ್ಲೇ ಉಳಿದು ಫೋನ್ ಮಾಡುತ್ತೇವೆ ಎಂದೆ. ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆ ಎಂದರು. ಬರೆದಿದ್ದೇನೆ.